ತೋಟದ ಕೆಲಸವೂ ವಿಷಜಂತುಗಳೂ

ಮನೆಯ ಹಿಂದೆ ನಾಲ್ಕು ಬಾಳೆ, ಎರಡು ತೆಂಗು, ಒಂದು ಮಲ್ಲಿಗೆಯ ಚಪ್ಪರ, ಬಾವಿಕಟ್ಟೆಯ ಬಳಿ ಒಂದಿಷ್ಟು ಸೊಪ್ಪಿನ ಮಡಿ, ಇಷ್ಟಿದ್ದರೂ ಸಾಕು, ಅದನ್ನು ತೋಟವೆಂದು ಕರೆದು ಸಂತೋಷಪಡುವುದು ನಮ್ಮ ನಾಡಿನ ಜನರ ಸ್ವಭಾವ. ಮಲೆನಾಡಿನ ಅಡಕೆಯ ತೋಟದವರಾಗಲಿ, ಬಯಲುಸೀಮೆಯ ತೆಂಗಿನ ತೋಟದವರಾಗಲಿ, ಪಟ್ಟಣದಲ್ಲಿ ಹಿತ್ತಿಲನ್ನು ಹಸನು ಮಾಡಿ ಹೂಗಿಡ ಬೆಳೆಸತಕ್ಕವರಾಗಲಿ, ಒಂದು ವಿಷಯದಲ್ಲಿ ಎಲ್ಲರೂ ಸಮಾನರು. ನಾವು ನೀರು ಹಾಯಿಸಿ, ಗೊಬ್ಬರ ಹಾಕಿ, ನೆರಳು ಮಾಡಿ ಸಿದ್ಧಪಡಿಸಿದ ನೆಲವು ನಮಗೊಬ್ಬರಿಗೇ ಮೀಸಲಾಗಿ ಉಳಿಯುವುದಿಲ್ಲ. ತಂಪು, ಆಹಾರ, ಮರೆ ಈ ಮೂರೂ ಒಂದೆಡೆ ಇರುವಲ್ಲಿಗೆ ಪ್ರಾಣಿಗಳು ಬರುವುದು ಪ್ರಕೃತಿಯ ನಿಯಮವಷ್ಟೆ. ಹಾಗೆ ಬರುವವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ನಮಗೆ ಉಪಕಾರಿಗಳು. ಬೆರಳೆಣಿಕೆಯಷ್ಟು ಮಾತ್ರ ಪ್ರಾಣಾಪಾಯವನ್ನುಂಟುಮಾಡಬಲ್ಲವು. ಈ ಮೂರು ತೆರನಾದವುಗಳನ್ನೂ ಬೇರೆಬೇರೆಯಾಗಿ ಗುರುತಿಸಲು ತಿಳಿಯದಿರುವುದರಿಂದಲೇ ನಾವು ಹೆದರಬಾರದ ಕಡೆ ಹೆದರುತ್ತೇವೆ, ಎಚ್ಚರವಾಗಿರಬೇಕಾದ ಕಡೆ ಮೈಮರೆಯುತ್ತೇವೆ. ಈ ವಿಷಯವನ್ನು ಕುರಿತು ತೋಟದ ಕೆಲಸದಲ್ಲಿ ಆಸಕ್ತಿಯುಳ್ಳ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದು ಬಯಸುತ್ತೇವೆ.

ನಮ್ಮ ತೋಟದಲ್ಲಿಯೇ ಕೆಲವು ವರ್ಷಗಳ ಕೆಳಗೆ ನಡೆದ ಸಂಗತಿಯೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಬಿದ್ದ ತೆಂಗಿನ ಗರಿಗಳನ್ನು ಒಂದು ಮೂಲೆಯಲ್ಲಿ ರಾಶಿ ಹಾಕಿ, ಸೌದೆಗಾದೀತೆಂದು ಎರಡು ಮಳೆಗಾಲ ಹಾಗೆಯೇ ಬಿಟ್ಟಿದ್ದೆವು. ಒಂದು ಸಂಜೆ, ಮಬ್ಬುಗತ್ತಲೆಯಲ್ಲಿ, ಬಹುಕಾಲದಿಂದ ನಮ್ಮಲ್ಲಿ ಕೆಲಸಕ್ಕಿದ್ದ ಆಳೊಬ್ಬನು ಆ ರಾಶಿಯ ಕೆಳಕ್ಕೆ ಉರುಳಿದ ಕಾಯೊಂದನ್ನು ತೆಗೆಯುವುದಕ್ಕೆ ಕೈಯಿಟ್ಟನು. ಮುಳ್ಳು ಚುಚ್ಚಿದಂತಾಗಿ ಕೈಯನ್ನು ಹಿಂದಕ್ಕೆಳೆದುಕೊಂಡನು. ಹರಿದುಹೋದ ಹಾವನ್ನು ಕಂಡವರೊಬ್ಬರು, ಅದು ಹೆಬ್ಬಾವಿನ ಮರಿ, ಅದರಿಂದ ಏನೂ ಆಗದೆಂದು ಸಮಾಧಾನ ಹೇಳಿದರು. ಮತ್ತೊಬ್ಬರು ತೋಳಿಗೆ ಹಗ್ಗ ಬಿಗಿದರು. ಕೈ ಊದಿಕೊಳ್ಳುತ್ತ ಬಂದಾಗ ಮಂತ್ರ ಹಾಕುವವರ ಊರಿಗೆ ಗಾಡಿ ಹೊರಟಿತು. ಹೀಗೆ ಮೂರು ಗಂಟೆಗಳು ಕಳೆದುಹೋದವು. ಆಸ್ಪತ್ರೆಗೆ ತಲುಪುವ ವೇಳೆಗೆ ಅವನ ಒಸಡಿನಿಂದ ರಕ್ತ ಒಸರುತ್ತಿತ್ತು. ವೈದ್ಯರ ಪ್ರಯತ್ನದಿಂದ ಅವನು ಬದುಕಿದನು. ಆದರೆ ಮೂತ್ರಪಿಂಡಗಳು ಕೆಟ್ಟು, ಕೆಲವು ವಾರಗಳ ಕಾಲ ಯಂತ್ರದ ಮೂಲಕ ರಕ್ತವನ್ನು ಶೋಧಿಸಬೇಕಾಯಿತು. ಬಲಗೈಯ ಎರಡು ಬೆರಳುಗಳ ಶಕ್ತಿ ಮರಳಿ ಬರಲೇ ಇಲ್ಲ. ಆ ಹಾವು ಹೆಬ್ಬಾವಿನ ಮರಿಯಲ್ಲ, ಕೊಳಕುಮಂಡಲ. ರಾಶಿಯಲ್ಲಿ ಇಲಿಗಳು ಮನೆಮಾಡಿದ್ದವು. ಇಲಿಗಳನ್ನರಸಿ ಹಾವು ಬಂದಿತ್ತು. ಇಲ್ಲಿ ತಪ್ಪು ಹಾವಿನದೆಂದು ಹೇಳುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ರಾಶಿಯನ್ನು ಬಿಟ್ಟವರು ನಾವು. ಹೊತ್ತನ್ನು ಕಳೆದವರೂ ನಾವೇ.

ಇದು ಒಂದು ಮನೆಯ ಕಥೆಯಲ್ಲ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಮೃತರಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಗಳವರು; ಸುಮಾರು ಅರ್ಧದಷ್ಟು ಸಾವುಗಳು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಸಂಭವಿಸಿದಂಥವು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಾವಿನ ಕಡಿತವನ್ನು ಅಲಕ್ಷ್ಯಕ್ಕೊಳಗಾದ ಉಷ್ಣವಲಯದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಇದನ್ನು ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿತು. ಬೇಸಾಯ, ತೋಟಗಾರಿಕೆಗಳನ್ನು ಅವಲಂಬಿಸಿ ಬದುಕುವವರಿಗೆ ಈ ವಿಚಾರ ಎಷ್ಟು ಸಮೀಪದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿದ್ದರೂ, ಸಾವಿಗೆ ಮುಖ್ಯ ಕಾರಣವಾದವು ನಾಲ್ಕೇ. ಮೊದಲನೆಯದು ನಾಗರಹಾವು, ಹೆಡೆ ಬಿಚ್ಚುವುದರಿಂದ ಇದನ್ನು ಎಲ್ಲರೂ ಬಲ್ಲರು. ಎರಡನೆಯದು ಕಟ್ಟುಹಾವು, ಇದನ್ನು ಕೆಲವೆಡೆ ಕಡಂಬಳವೆಂದೂ ಕರೆಯುವುದುಂಟು. ಮಿರುಗುವ ಕಪ್ಪು ಮೈಯ ಮೇಲೆ ತೆಳುವಾದ ಬಿಳಿಯ ಪಟ್ಟೆಗಳಿರುತ್ತವೆ. ಇದು ರಾತ್ರಿಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಡಿಯುವುದುಂಟು. ಕಡಿದ ಗುರುತು ಕಾಣಿಸದಿರಬಹುದು, ನೋವೂ ಹೆಚ್ಚಾಗಿ ಇರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಬಂದು, ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳತೊಡಗಿ, ಮಾತು ತೊದಲಿದಾಗ ಮಾತ್ರ ಏನೋ ಆಗಿದೆಯೆಂದು ತಿಳಿಯುತ್ತದೆ. ಮೂರನೆಯದು ಕೊಳಕುಮಂಡಲ. ಕಂದು ಬಣ್ಣದ ದಪ್ಪ ಮೈಯ ಮೇಲೆ ಸರಪಣಿಯ ಕೊಂಡಿಗಳಂತೆ ಮೂರು ಸಾಲು ಮಚ್ಚೆಗಳು, ತಲೆ ಮುಮ್ಮೂಲೆಯಾಗಿರುತ್ತದೆ, ಕೆಣಕಿದರೆ ತಿದಿಯೊತ್ತಿದಂತೆ ಜೋರಾಗಿ ಬುಸುಗುಟ್ಟುತ್ತದೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಹಾವು. ನಾಲ್ಕನೆಯದು ಗರಗಸಮಂಡಲ. ಗೇಣುದ್ದದಿಂದ ಎರಡು ಅಡಿಯವರೆಗಿನ ಈ ಸಣ್ಣ ಹಾವು ಒಣ ಸೀಮೆಯ ಕಲ್ಲುಗುಡ್ಡೆಗಳಲ್ಲಿಯೂ ಬದುಗಳಲ್ಲಿಯೂ ಇರುತ್ತದೆ. ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂಥ ಶಬ್ದ ಮಾಡುತ್ತದೆ. ಸಣ್ಣದೆಂದು ಇದನ್ನು ಕಡೆಗಣಿಸಲಾಗದು.

ಈ ನಾಲ್ಕರ ವಿಷವೂ ಒಂದೇ ಬಗೆಯದಲ್ಲ. ನಾಗರಹಾವು ಮತ್ತು ಕಟ್ಟುಹಾವುಗಳ ವಿಷವು ನರಗಳಿಂದ ಸ್ನಾಯುಗಳಿಗೆ ಹೋಗತಕ್ಕ ಆಜ್ಞೆಯನ್ನು ತಡೆಯುತ್ತದೆ. ಮೊದಲು ರೆಪ್ಪೆ, ಬಳಿಕ ನಾಲಗೆ, ಗಂಟಲು, ಕಡೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಂಡಲಗಳ ವಿಷವು ಮುಖ್ಯವಾಗಿ ರಕ್ತದ ಮೇಲೆ ಕೆಲಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ನಾಶವಾಗಿ ಗಾಯದಿಂದಲೂ ಒಸಡಿನಿಂದಲೂ ಮೂತ್ರದಲ್ಲಿಯೂ ರಕ್ತ ಹೋಗುತ್ತದೆ. ಕೊಳಕುಮಂಡಲದ ವಿಷದಿಂದ ಮೂತ್ರಪಿಂಡಗಳಿಗೂ ಹಾನಿಯಾಗುತ್ತದೆ. ಇದನ್ನು ಕಂಡುಹಿಡಿಯಲು ವೈದ್ಯರು ಅನುಸರಿಸುವ ಕ್ರಮ ಬಹು ಸರಳವಾದುದು. ರೋಗಿಯ ರಕ್ತವನ್ನು ಸ್ವಲ್ಪ ತೆಗೆದು ಶುದ್ಧವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆಯೆಂದು ಅರ್ಥ.

ಹಾಗಾದರೆ ಕಚ್ಚಿದ ಕೂಡಲೆ ಮಾಡತಕ್ಕದ್ದೇನು? ಮಾಡಬಾರದ್ದನ್ನು ಮೊದಲು ಹೇಳುವುದು ಮೇಲು. ಹಗ್ಗವಾಗಲಿ ಬಟ್ಟೆಯಾಗಲಿ ಬಿಗಿದು ಕಟ್ಟಬಾರದು; ಅದರಿಂದ ರಕ್ತದ ಓಡಾಟ ನಿಂತು ಆ ಅಂಗವೇ ಕೆಡುವ ಸಂಭವವುಂಟು, ಬಿಚ್ಚಿದೊಡನೆ ತಡೆದಿದ್ದ ವಿಷವು ಒಮ್ಮೆಗೇ ನುಗ್ಗುವ ಅಪಾಯವೂ ಉಂಟು. ಕತ್ತಿಯಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು, ಸುಡಬಾರದು, ಸೊಪ್ಪುಸದೆ ಅರೆದು ಮೆತ್ತಬಾರದು, ಹೆಂಡ ಕುಡಿಸಬಾರದು. ಹಾವನ್ನು ಹಿಡಿದು ಆಸ್ಪತ್ರೆಗೆ ಒಯ್ಯಬೇಕೆಂಬುದೂ ತಪ್ಪು. ಆ ಸಾಹಸದಲ್ಲಿ ಎರಡನೆಯವರಿಗೂ ಕಡಿತವಾಗಬಹುದು. ಇನ್ನು ಮಾಡಬೇಕಾದದ್ದು: ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಬೇಕು. ಉಂಗುರ, ಬಳೆ, ಕಡಗಗಳನ್ನು ಊತ ಏರುವುದಕ್ಕೆ ಮುಂಚೆಯೇ ತೆಗೆಯಬೇಕು. ಮೂಳೆ ಮುರಿದವರಿಗೆ ಕಟ್ಟುವಂತೆ ಒಂದು ದಬ್ಬೆಯನ್ನಿಟ್ಟು, ಬಿಗಿಯದೆ ಕಟ್ಟಿ, ಕಚ್ಚಿದ ಕೈಕಾಲು ಅಲುಗಾಡದಂತೆ ಮಾಡಬೇಕು. ನಡೆಸದೆ, ಓಡಿಸದೆ, ವಾಹನದಲ್ಲಿಯೇ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸ್ ಬರುವ ಏರ್ಪಾಡಿದೆ. ಕಚ್ಚಿದ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಿದರೆ ಸಾಕು.

ಪ್ರತಿವಿಷವೆಂಬುದು ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿದರೆ ಅದರಲ್ಲಿ ನಂಬಿಕೆ ಹುಟ್ಟುವುದು. ತಮಿಳುನಾಡಿನ ಇರುಳರ ಸಹಕಾರ ಸಂಘವು, 1978ರಲ್ಲಿ ಸ್ಥಾಪಿತವಾದುದು, ಈ ನಾಲ್ಕು ಹಾವುಗಳನ್ನೂ ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತದೆ. ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಕ್ರಮಕ್ರಮವಾಗಿ ಕೊಡುತ್ತ ಬಂದರೆ ಅವುಗಳ ರಕ್ತದಲ್ಲಿ ವಿಷಕ್ಕೆ ಎದುರಾದ ವಸ್ತುಗಳು ಉಂಟಾಗುತ್ತವೆ. ಅವನ್ನು ಬೇರ್ಪಡಿಸಿ ಶುದ್ಧಿಮಾಡಿದುದೇ ಪ್ರತಿವಿಷ. ಒಂದೇ ಔಷಧಿ ನಾಲ್ಕು ಹಾವುಗಳ ವಿಷಕ್ಕೂ ನಡೆಯುವುದರಿಂದ ಹಾವನ್ನು ಗುರುತಿಸಲೇಬೇಕೆಂಬ ನಿರ್ಬಂಧವಿಲ್ಲ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ. ಏತಕ್ಕೆಂದರೆ ಹಾವು ಮಗುವೆಂದು ವಿಷವನ್ನು ಕಡಮೆ ಬಿಡುವುದಿಲ್ಲ. ಆದರೆ ನರಗಳ ತುದಿಗಳು ಒಮ್ಮೆ ಕೆಟ್ಟಮೇಲೆ ಪ್ರತಿವಿಷವು ಅವನ್ನು ಸರಿಪಡಿಸಲಾರದು. ಶರೀರದಲ್ಲಿ ಇನ್ನೂ ಸಂಚರಿಸುತ್ತಿರುವ ವಿಷವನ್ನು ಮಾತ್ರ ನಿರ್ವೀರ್ಯಗೊಳಿಸುತ್ತದೆ. ಹೊತ್ತು ಕಳೆಯಬಾರದೆಂದು ಪದೇಪದೇ ಹೇಳುವುದಕ್ಕೆ ಇದೇ ಕಾರಣ. ಮಲೆನಾಡಿನ ಕಾಫಿ, ಅಡಕೆಯ ತೋಟಗಳಲ್ಲಿ ಕಾಣುವ ಕೆಲವು ಕುಳಿಮಂಡಲಗಳ ವಿಷಕ್ಕೆ ಈ ಪ್ರತಿವಿಷ ಒಗ್ಗುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಅಂಥ ಕಡಿತಕ್ಕೂ ಆಸ್ಪತ್ರೆಯ ಆರೈಕೆಯೇ ಗತಿ.

ಮಂತ್ರದಿಂದ ವಿಷವಿಳಿದುದನ್ನು ಕಣ್ಣಾರೆ ಕಂಡಿದ್ದೇವೆಂದು ಹೇಳುವವರು ಅನೇಕರು. ಅವರು ಸುಳ್ಳು ಹೇಳುತ್ತಾರೆಂದು ನಾವು ಹೇಳುವುದಿಲ್ಲ. ಕಚ್ಚಿದ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಸಹ ಕೆಲವು ವೇಳೆ ವಿಷವನ್ನು ಬಿಡದೆ ಬರಿದೆ ಕಚ್ಚುವುದುಂಟು. ಅಂಥವರು ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಬದುಕಿದವರ ಕಥೆ ಊರೂರು ಸುತ್ತುತ್ತದೆ; ಬದುಕದವರ ಕಥೆ ಅವರ ಮನೆಯೊಳಗೇ ಉಳಿದುಬಿಡುತ್ತದೆ. ಭೇದ ಇಷ್ಟೆ.

ಇನ್ನು ನಿರಪರಾಧಿಗಳ ವಿಚಾರ. ಕೇರೆಹಾವನ್ನು ನಾಗರಹಾವೆಂದು ಭ್ರಮಿಸಿ ಕೊಲ್ಲುವುದು ನಮ್ಮಲ್ಲಿ ಸಾಮಾನ್ಯ. ವಿಷವಿಲ್ಲದ ಈ ಹಾವು ಇಲಿಗಳನ್ನು ತಿಂದು ತೋಟಗಾರನಿಗೆ ಸಂಬಳವಿಲ್ಲದ ಕಾವಲುಗಾರನಾಗಿರತಕ್ಕದ್ದು. ಹಸಿರುಹಾವು ಹಣೆಗೆ ಹಾರಿ ಕಚ್ಚುತ್ತದೆಂಬುದೂ, ಮಣ್ಣುಮುಕ್ಕ ಹಾವಿಗೆ ಎರಡು ತಲೆಯೆಂಬುದೂ ಕೇವಲ ಕಲ್ಪನೆ. ಮನುಷ್ಯನ ಪ್ರಾಣಕ್ಕೆ ಇವೆರಡರಿಂದಲೂ ಅಪಾಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಹಾವನ್ನು ಕೊಲ್ಲುವುದು ಅಪರಾಧವೂ ಹೌದು. ಮನೆಯೊಳಗೆ ಹಾವು ಬಂದರೆ ದೂರದಿಂದ ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಯವರಿಗಾಗಲಿ ಪಳಗಿದ ಹಾವು ಹಿಡಿಯುವವರಿಗಾಗಲಿ ಹೇಳಿಕಳುಹಿಸುವುದು ಲೇಸು.

ಚೇಳಿನ ವಿಷಯದಲ್ಲಿ ನಮ್ಮ ಜನರ ಹೆದರಿಕೆ ತಲೆಕೆಳಗಾಗಿದೆ. ಅಂಗೈಯಗಲದ ಕರಿಯ ಚೇಳನ್ನು ಕಂಡರೆ ಓಡುವವರು, ಬೆರಳುದ್ದದ ಕೆಂಪು ಚೇಳನ್ನು ಚಪ್ಪಲಿಯಿಂದ ಒರಸಿ ಸುಮ್ಮನಾಗುತ್ತಾರೆ. ನಿಜವಾಗಿ ಪ್ರಾಣಕ್ಕೆ ಬರುವುದು ಕೆಂಪು ಚೇಳೇ. ಅದು ಕುಟುಕಿದ ಮಗುವಿಗೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ, ವಿಷವು ಹೃದಯವನ್ನು ಮುಟ್ಟುತ್ತಿದೆಯೆಂದು ತಿಳಿದು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮಹಾರಾಷ್ಟ್ರದ ಮಹಾಡ ಎಂಬ ಸಣ್ಣ ಊರಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಹಳ್ಳಿಯ ರೋಗಿಗಳ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಗಮನಿಸಿ, ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂಥವರನ್ನು ಬದುಕಿಸಬಹುದೆಂದು ತೋರಿಸಿಕೊಟ್ಟರು. ದೊಡ್ಡ ಪ್ರಯೋಗಶಾಲೆಯಿಲ್ಲದೆಯೂ ಸೂಕ್ಷ್ಮವಾದ ದೃಷ್ಟಿಯೊಂದರಿಂದಲೇ ಎಂಥ ಉಪಕಾರ ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಕಲ್ಲು, ಹಂಚು, ಇಟ್ಟಿಗೆಗಳನ್ನು ಎತ್ತುವಾಗ ತಮ್ಮ ಕಡೆಯ ಅಂಚನ್ನು ಹಿಡಿಯದೆ, ಮೊದಲು ಹಾರೆಯಿಂದ ಆಚೆಗೆ ಮೀಟಿ ನೋಡುವ ಅಭ್ಯಾಸವಿದ್ದರೆ ಚೇಳಿನ ಭಯವು ಮುಕ್ಕಾಲುಪಾಲು ನೀಗಿದಂತೆಯೇ.

ಹೆಜ್ಜೇನು ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ. ಅದು ತಾನಾಗಿ ಮೇಲೆ ಬೀಳುವುದು ಅಪರೂಪ. ಹೊಗೆ, ಕಲ್ಲೆಸೆತ, ಹದ್ದಿನ ದಾಳಿ, ಕೊಂಬೆ ಕಡಿಯುವುದು, ಇವೇ ಅದನ್ನು ಕೆರಳಿಸತಕ್ಕವು. ಒಂದು ಹುಳು ಕುಟುಕಿದೊಡನೆ ಹೊರಬೀಳುವ ವಾಸನೆಯು ಉಳಿದವುಗಳಿಗೆ ಕರೆಯಂತಾಗುತ್ತದೆ. ಆದಕಾರಣ ನಿಂತು ಕೈಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಜೇನಿನ ಮುಳ್ಳಿಗೆ ಕೊಕ್ಕೆಗಳಿರುವುದರಿಂದ ಅದು ಚರ್ಮದಲ್ಲಿಯೇ ಉಳಿದು ವಿಷದ ಚೀಲದಿಂದ ಇನ್ನೂ ವಿಷವನ್ನು ಒತ್ತುತ್ತಿರುತ್ತದೆ. ಉಗುರಿನಿಂದಾದರೂ ಸರಿ, ತಡಮಾಡದೆ ಕಿತ್ತುಹಾಕಬೇಕು. ಕೆಲವರ ಪ್ರಕೃತಿಗೆ ಒಂದೇ ಕುಟುಕು ಸಹ ಒಗ್ಗದೆ, ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಕಟ್ಟುವುದುಂಟು. ಅಂಥವರಿಗೆ ನಿಮಿಷಗಳೇ ಬೆಲೆಯುಳ್ಳವು. ಆದರೂ ಜೇನನ್ನು ತೋಟದಿಂದ ಓಡಿಸಬೇಕೆಂದು ನಾವು ಹೇಳಲಾರೆವು. ಹೂವು ಕಾಯಾಗುವುದರಲ್ಲಿ ಅದರ ಪಾಲು ನಮ್ಮ ಪಾಲಿಗಿಂತ ಸಣ್ಣದಲ್ಲ.

ಮಲೆನಾಡಿನವರಿಗೆ ಮತ್ತೊಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಬಳಿಕ ಮನುಷ್ಯರಿಗೂ ಜ್ವರ ತಗಲಿತು. ಅದೇ ಮಂಗನ ಕಾಯಿಲೆ. ಹೆಸರು ಮಂಗನದಾದರೂ ಅದನ್ನು ಹರಡತಕ್ಕದ್ದು ಉಣುಗು, ಅಥವಾ ಉಣ್ಣೆ. ಚಳಿಗಾಲದ ನಡುವಿನಿಂದ ಮುಂಗಾರಿನವರೆಗೆ, ಜನರು ತರಗೆಲೆ, ಸೌದೆಗಾಗಿ ಕಾಡಿಗೆ ಹೋಗುವ ಕಾಲದಲ್ಲಿಯೇ ಉಣುಗಿನ ಮರಿಗಳೂ ಹೆಚ್ಚು. ಮೈಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲುಗಳಿಗೆ ಸವರಿಕೊಂಡು ಹೋಗಬೇಕು. ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೀಯಬೇಕು, ಬಟ್ಟೆಗಳನ್ನೂ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಆ ಜಾಗವನ್ನು ತುಳಿಯದೆ, ಅಧಿಕಾರಿಗಳಿಗೆ ತಿಳಿಸಬೇಕು.

ಇಲಿ ಹೆಗ್ಗಣಗಳಿಂದ ಹಾವು ಬರುವುದಷ್ಟೇ ಅಲ್ಲ, ಅವುಗಳ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಿನಿಂದ ಕೆಲಸ ಮಾಡುವವರಿಗೆ, ಕಾಲಿನ ಬಿರುಕು ಗಾಯಗಳ ಮೂಲಕ, ಇಲಿಜ್ವರವೂ ಬರುತ್ತದೆ. ಮಳೆಗಾಲದಲ್ಲಿ ಜ್ವರದೊಡನೆ ಮೀನಖಂಡಗಳು ನೋಯುತ್ತಿದ್ದು ಕಣ್ಣು ಕೆಂಪಾಗಿದ್ದರೆ, ತೋಟದ ಕೆಲಸ ಮಾಡಿದ್ದುದನ್ನು ವೈದ್ಯರಿಗೆ ಹೇಳಲು ಮರೆಯಬಾರದು. ನಾಯಿಯಾಗಲಿ ಮಂಗವಾಗಲಿ ಕಚ್ಚಿದರೆ, ಸುಣ್ಣ, ಮೆಣಸಿನ ಪುಡಿಗಳನ್ನು ತುಂಬದೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಚುಚ್ಚುಮದ್ದನ್ನು ಆರಂಭಿಸಬೇಕು. ಹುಚ್ಚುನಾಯಿಯ ರೋಗವು ಒಮ್ಮೆ ತಲೆದೋರಿತೆಂದರೆ ಅದಕ್ಕೆ ಮದ್ದಿಲ್ಲ. ತಲೆದೋರುವುದಕ್ಕೆ ಮುಂಚೆ ಕ್ರಮವಾಗಿ ಚಿಕಿತ್ಸೆ ಪಡೆದರೆ ಭಯಕ್ಕೆ ಕಾರಣವಿಲ್ಲ.

ಇಷ್ಟೆಲ್ಲವನ್ನೂ ನೆನಪಿಡುವುದು ಕಷ್ಟವೆಂದು ತೋರಿದರೆ ಒಂದೇ ಮಾತನ್ನು ನೆನಪಿಡಬಹುದು: ಕಣ್ಣು ಹೋಗದ ಕಡೆಗೆ ಕೈಯೂ ಕಾಲೂ ಹೋಗಬಾರದು. ಕತ್ತಲೆಯಲ್ಲಿ ಹೊರಡುವಾಗ ಬ್ಯಾಟರಿ ದೀಪ ಇರಲಿ. ಕಳೆ ಕೀಳುವ ಮುನ್ನ ಕೋಲಿನಿಂದ ಒಮ್ಮೆ ಕೆದರಿ ನೋಡೋಣ. ಕಾಲಿಗೆ ಬೂಟು ಹಾಕೋಣ. ಹಾಕುವ ಮೊದಲು ಅದನ್ನು ತಲೆಕೆಳಗು ಮಾಡಿ ಕೊಡವೋಣ. ತೋಟದ ಮನೆಯಲ್ಲಿ ಮಲಗುವವರು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಕ್ಕೆ ಸಿಕ್ಕಿಸಿ ಮಲಗಲಿ. ನಮಗಾಗಿ ಕೂಲಿ ಮಾಡುವವರಿಗೂ ಬೂಟು, ಕೈಚೀಲ, ದೀಪಗಳನ್ನು ಒದಗಿಸುವುದು ತೋಟದ ಯಜಮಾನರ ಧರ್ಮ. ಅಪಾಯದ ಮೂಲೆಗಳಿಗೆ ಮೊದಲು ಕೈಯಿಡುವವರು ಅವರೇ ಅಲ್ಲವೆ?

ನಮ್ಮ ತೋಟದ ಮೂಲೆಯಲ್ಲಿ ಈಗ ಗರಿಯ ರಾಶಿಯಿಲ್ಲ. ಬಿದ್ದ ಗರಿಗಳನ್ನು ವಾರಕ್ಕೊಮ್ಮೆ ಕಡಿದು ಗೊಬ್ಬರದ ಗುಂಡಿಗೆ ಸೇರಿಸುತ್ತೇವೆ. ಸೌದೆಯನ್ನು ಮನೆಯಿಂದ ದೂರದಲ್ಲಿ, ನೆಲದಿಂದ ಮೊಳದೆತ್ತರದ ಅಟ್ಟಣೆಯ ಮೇಲೆ ಒಟ್ಟುತ್ತೇವೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆಯೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ, ಅದರ ದೂರವಾಣಿಯ ಸಂಖ್ಯೆಯನ್ನು ಪಡಸಾಲೆಯ ಗೋಡೆಗೆ ಬರೆದು ಅಂಟಿಸಿದ್ದೇವೆ. ಆ ಆಳು ಈಗಲೂ ನಮ್ಮಲ್ಲಿಯೇ ಇದ್ದಾನೆ. ಬಲಗೈಯ ಮೂರು ಬೆರಳುಗಳಿಂದಲೇ ಬಳ್ಳಿ ಕಟ್ಟುವುದನ್ನು ಕಲಿತಿದ್ದಾನೆ. ಹೊಸದಾಗಿ ಕೆಲಸಕ್ಕೆ ಬಂದವರು ಎಲೆಯ ರಾಶಿಗೆ ಕೈಹಾಕುವುದನ್ನು ಕಂಡರೆ, ನಾವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವನು ಕೂಗಿ ತಡೆದು, ಕೋಲನ್ನು ಕೊಡುತ್ತಾನೆ.